ಕುಡಿತ ಬಿಡಿಸುವ ಕೇಂದ್ರಗಳು: ಎಲ್ಲಿ ಕಡಿಮೆ ಖರ್ಚು, ಎಲ್ಲಿ ಬರೀ ಖರ್ಚು

ಫೋನಿನಲ್ಲಿ ‘ಡಿ-ಅಡಿಕ್ಷನ್ ಸೆಂಟರ್’ ಎಂದು ಹುಡುಕಿದರೆ ಮೇಲೆಮೇಲೆ ಬರುವುದು ಜಾಹೀರಾತಿಗೆ ದುಡ್ಡು ಸುರಿದ ಖಾಸಗಿ ಜಾಗಗಳು. ಅಲ್ಲಿರುವ ನಂಬರಿಗೆ ಕರೆ ಮಾಡಿದಾಗ ಮಾತಾಡುವವರು ಎಷ್ಟೋ ಸಲ ಆ ಕೇಂದ್ರದವರೇ ಆಗಿರುವುದಿಲ್ಲ, ಕಮಿಷನ್ನಿಗೆ ರೋಗಿಗಳನ್ನು ಕಳಿಸಿಕೊಡುವ ಮಧ್ಯವರ್ತಿಗಳಾಗಿರುತ್ತಾರೆ. ಸರ್ಕಾರಿ ವಾರ್ಡುಗಳು, ಕೇಂದ್ರ ಸರ್ಕಾರದ ಅನುದಾನದಲ್ಲಿ ನಡೆಯುವ ಉಚಿತ ಕೇಂದ್ರಗಳು, ಊರೂರಿನ ಮದ್ಯವರ್ಜನ ಶಿಬಿರಗಳು ಜಾಹೀರಾತು ಕೊಡುವುದಿಲ್ಲ. ಹೀಗಾಗಿ ಬಡ್ಡಿಗೆ ಸಾಲ ತಂದು ತಿಂಗಳುಗಟ್ಟಲೆ ಖಾಸಗಿಯಲ್ಲಿಟ್ಟ ಮೇಲೆ, ನಮ್ಮ ಜಿಲ್ಲೆಯಲ್ಲೇ ಪುಕ್ಕಟೆ ಜಾಗವಿತ್ತಂತೆ ಎಂದು ಮನೆಯವರಿಗೆ ಗೊತ್ತಾಗುತ್ತದೆ.

ಕರ್ನಾಟಕದಲ್ಲಿ ಕಡಿಮೆ ಖರ್ಚಿನಲ್ಲಿ ಇದ್ದು ಚಿಕಿತ್ಸೆ ಪಡೆಯಬಹುದಾದ ಜಾಗಗಳನ್ನು ಇಲ್ಲಿ ಎರಡು ಪ್ರಶ್ನೆ ಇಟ್ಟುಕೊಂಡು ತೂಗಿದ್ದೇವೆ. ಕುಡಿತ ನಿಲ್ಲಿಸಿದ ಮೊದಲ ಹತ್ತು ದಿನ ಅಲ್ಲಿ ವೈದ್ಯರು ಇರುತ್ತಾರಾ? ಮನೆಗೆ ಬಂದ ಮೇಲೆ ಒಂದು ವರ್ಷ ಆ ಜಾಗ ಕೈ ಹಿಡಿಯುತ್ತದಾ? ಇವೆರಡರ ನಡುವಿನ ಅವಧಿ, ಅಂದರೆ ಮೂರು ತಿಂಗಳೋ ಆರು ತಿಂಗಳೋ ಗೇಟಿನೊಳಗೆ ಇರುವ ಕಾಲ, ಎಲ್ಲಕ್ಕಿಂತ ಹೆಚ್ಚು ದುಡ್ಡು ತಿನ್ನುತ್ತದೆ; ಬಹಳ ಜನರಿಗೆ ಎಲ್ಲಕ್ಕಿಂತ ಕಡಿಮೆ ಉಪಯೋಗಕ್ಕೆ ಬರುವುದೂ ಅದೇ. ಖರ್ಚು ಉಳಿಸಬೇಕಾದ್ದು ಅಲ್ಲಿ. ಮೊದಲ ವಾರದಲ್ಲಲ್ಲ.

ಹಾಸಿಗೆ ಯಾರಿಗೆ ಬೇಕು

ಎಲ್ಲರೂ ಅಡ್ಮಿಟ್ ಆಗಬೇಕಿಲ್ಲ. ಬೆಳಿಗ್ಗೆ ಕೈ ನಡುಗದವರು, ಒಂದೆರಡು ದಿನ ಬಿಟ್ಟಾಗ ನಿದ್ದೆ ಕೆಡುವುದರ ಹೊರತು ಇನ್ನೇನೂ ಆಗದವರು, ಮಾತ್ರೆ ಕೈಗೆ ಕೊಡಲು ಮನೆಯಲ್ಲಿ ಒಬ್ಬರು ಇರುವವರು ಓಪಿಡಿಯಲ್ಲೇ ಬಿಡಬಹುದು. ಮನೋವೈದ್ಯರು ವಾರಕ್ಕೊಮ್ಮೆ ನೋಡಿ, ಮಾತ್ರೆ ಇಳಿಸುತ್ತಾ ಬರುತ್ತಾರೆ. ಇದರ ಖರ್ಚು ಬಸ್ ಚಾರ್ಜು ಮತ್ತು ಔಷಧಿ, ಅಷ್ಟೆ.

ನಡುಕ ನಿಲ್ಲಿಸಲು ಎದ್ದ ಕೂಡಲೇ ಕುಡಿಯಬೇಕಾಗುವವರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದವರು ಅಥವಾ ಸನ್ನಿ ಹಿಡಿದು ಇಲ್ಲದ್ದನ್ನು ಕಂಡು ಕೂಗಾಡಿದವರು, ಕಾಮಾಲೆ ಆದವರು, ಹೃದಯದ ತೊಂದರೆ ಇರುವವರು, ಮದ್ಯದ ಜೊತೆ ನಿದ್ದೆ ಮಾತ್ರೆಯನ್ನೂ ನುಂಗುವವರು, ಸಾಯುವ ಮಾತಾಡುತ್ತಿರುವವರು: ಇವರಿಗೆ ಹಾಸಿಗೆ ಬೇಕೇ ಬೇಕು, ಅದೂ ವೈದ್ಯರಿರುವ ಜಾಗದಲ್ಲಿ. ಕೊನೆಯ ಸಲ ಕುಡಿದ ಆರೇಳು ಗಂಟೆಯಿಂದ ನಡುಕ, ಬೆವರು, ವಾಂತಿ ಶುರುವಾಗುತ್ತದೆ. ಫಿಟ್ಸ್ ಬರುವುದಾದರೆ ಹೆಚ್ಚಾಗಿ ಮೊದಲ 48 ಗಂಟೆಯೊಳಗೆ. ಸನ್ನಿಯ ಅಪಾಯ ಎರಡನೆಯ ದಿನದಿಂದ ನಾಲ್ಕನೆಯ ದಿನದವರೆಗೆ. ಚಿಕಿತ್ಸೆಯಿಲ್ಲದೆ ಇದರಲ್ಲಿ ಜೀವ ಹೋಗುವುದುಂಟು. ಕೋಣೆಯಲ್ಲಿ ಕೂಡಿಹಾಕಿ ‘ನಾಲ್ಕು ದಿನ ಒದ್ದಾಡಲಿ, ತಾನೇ ಸರಿಹೋಗ್ತಾನೆ’ ಎನ್ನುವುದು ಅದಕ್ಕೇ ಅಪಾಯ, ಅದು ಮನೆಯ ಕೋಣೆಯಾದರೂ ಸರಿ, ದುಬಾರಿ ಕೇಂದ್ರದ ಕೋಣೆಯಾದರೂ ಸರಿ.

ಇದನ್ನು ತಡೆಯುವ ಔಷಧಿಗಳು ಹಳೆಯವು, ಅಗ್ಗದವು. ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಡಯಾಜೆಪಾಮ್ ಕೊಟ್ಟು ಏಳರಿಂದ ಹತ್ತು ದಿನದಲ್ಲಿ ಇಳಿಸಿ ನಿಲ್ಲಿಸುತ್ತಾರೆ. ಯಕೃತ್ತು ಕೆಟ್ಟಿದ್ದರೆ ಲೊರಾಜೆಪಾಮ್. ಜೊತೆಗೆ ಥಯಾಮಿನ್, ಅಂದರೆ ಬಿ1 ಜೀವಸತ್ವದ ಇಂಜೆಕ್ಷನ್. ನಮ್ಮ ಊರುಗಳಲ್ಲಿ ಇಲ್ಲೇ ಎಡವಟ್ಟಾಗುವುದು. ಕುಡಿದು ಸುಸ್ತಾದವರನ್ನು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದು ‘ಒಂದು ಗ್ಲೂಕೋಸ್ ಹಾಕಿಬಿಡಿ’ ಎನ್ನುತ್ತೇವೆ. ಬಹುಕಾಲ ಊಟ ಬಿಟ್ಟು ಕುಡಿದವರ ಮೈಯಲ್ಲಿ ಥಯಾಮಿನ್ ಬತ್ತಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದಿದ್ದೂ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು: ನಡಿಗೆ ತಪ್ಪುತ್ತದೆ, ಕಣ್ಣು ಅದುರುತ್ತದೆ, ಗೊಂದಲ ಹಿಡಿಯುತ್ತದೆ, ಕೆಲವರಿಗೆ ನೆನಪು ಶಾಶ್ವತವಾಗಿ ಹೋಗುತ್ತದೆ. ಯಾವುದೇ ಕೇಂದ್ರಕ್ಕೆ ಫೋನ್ ಮಾಡಿದಾಗ ‘ಥಯಾಮಿನ್ ಇಂಜೆಕ್ಷನ್ ಕೊಡ್ತೀರಾ, ಯಾರು ಕೊಡ್ತಾರೆ?’ ಎಂದು ಕೇಳಿ. ಉತ್ತರ ತಡವರಿಸಿದರೆ ಅಲ್ಲಿಗೆ ಆ ಕೇಂದ್ರದ ವಿಮರ್ಶೆ ಮುಗಿಯಿತು.

ನಿಮ್ಹಾನ್ಸ್

ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿರುವ ಸೆಂಟರ್ ಫಾರ್ ಅಡಿಕ್ಷನ್ ಮೆಡಿಸಿನ್, ವೈದ್ಯಕೀಯ ಗುಣಮಟ್ಟದಲ್ಲಿ ರಾಜ್ಯದ ಯಾವ ಖಾಸಗಿ ಕೇಂದ್ರಕ್ಕೂ ಕಡಿಮೆಯಿಲ್ಲ. ನಮ್ಮ ಲೆಕ್ಕದಲ್ಲಿ ಬಹುತೇಕ ಎಲ್ಲಕ್ಕಿಂತ ಮೇಲು. ಮದ್ಯ, ಗಾಂಜಾ, ಹೆರಾಯಿನ್, ನೋವಿನ ಮಾತ್ರೆ, ತಂಬಾಕು, ಎಲ್ಲಕ್ಕೂ ಚಿಕಿತ್ಸೆಯಿದೆ. ಹೆಂಗಸರಿಗೆ ಬೇರೆ ವಾರ್ಡಿದೆ, ರಾಜ್ಯದಲ್ಲಿ ಇದೇ ಅಪರೂಪ. ಶುಲ್ಕ ಮನೆಯ ಆದಾಯದ ಮೇಲೆ ನಿಗದಿಯಾಗುತ್ತದೆ, ಬಿಪಿಎಲ್ ಕಾರ್ಡಿದ್ದರೆ ರಿಯಾಯಿತಿ ದೊಡ್ಡದು. ಎಮರ್ಜೆನ್ಸಿ ಇಪ್ಪತ್ನಾಲ್ಕು ಗಂಟೆಯೂ ತೆರೆದಿರುತ್ತದೆ. ಫಿಟ್ಸ್ ಬರುತ್ತಿದ್ದರೆ, ಸನ್ನಿಯಾಗಿದ್ದರೆ ಓಪಿಡಿಗಾಗಿ ಬೆಳಗಾಗುವುದನ್ನು ಕಾಯಬೇಕಿಲ್ಲ.

ತೊಡಕುಗಳೂ ಇವೆ. ಹಾಸಿಗೆಗಳಿಗಿಂತ ಬರುವವರು ಬಹಳ ಹೆಚ್ಚು. ಹೋದ ದಿನವೇ ಅಡ್ಮಿಟ್ ಮಾಡಿಕೊಳ್ಳುತ್ತಾರೆ ಎಂದು ಪೆಟ್ಟಿಗೆ ಕಟ್ಟಿಕೊಂಡು ಬೀದರಿನಿಂದಲೋ ರಾಯಚೂರಿನಿಂದಲೋ ಬಂದವರು ಮಾತ್ರೆ ಚೀಟಿ ಹಿಡಿದು ವಾಪಸಾಗುವುದುಂಟು. ಇದರಲ್ಲಿ ತಾತ್ಸಾರವೇನೂ ಇಲ್ಲ, ಓಪಿಡಿಯಲ್ಲಿ ಆಗುವವರನ್ನು ಓಪಿಡಿಯಲ್ಲೇ ನೋಡುವುದು ಅಲ್ಲಿನ ಪದ್ಧತಿ. ವಾಸ ವಾರಗಳ ಲೆಕ್ಕದಲ್ಲಿರುತ್ತದೆ, ತಿಂಗಳುಗಳ ಲೆಕ್ಕದಲ್ಲಲ್ಲ. ಸಾಮಾನ್ಯವಾಗಿ ಮನೆಯವರೊಬ್ಬರು ಜೊತೆಗಿರಬೇಕಾಗುತ್ತದೆ. ಕೂಲಿ ಮಾಡುವ ಮನೆಗೆ ಇದೇ ದೊಡ್ಡ ಖರ್ಚು: ಹಾಸಿಗೆ ಅಗ್ಗ, ಜೊತೆಗಿರುವವರ ಎರಡು-ಮೂರು ವಾರದ ಕೂಲಿ ಅಗ್ಗವಲ್ಲ. ‘ಇವನನ್ನ ಇಟ್ಕೊಳ್ಳಿ, ನಾವು ಹೋಗ್ತೀವಿ’ ಎನ್ನುವವರಿಗೆ ಈ ಜಾಗ ಹೊಂದುವುದಿಲ್ಲ.

ಹೋಗುವಾಗ ಬೆಳಿಗ್ಗೆ ಬೇಗ ನೋಂದಣಿ ಸಾಲಿಗೆ ಬನ್ನಿ. ಆಧಾರ್, ಬಿಪಿಎಲ್ ಕಾರ್ಡು, ಹಳೆಯ ಚೀಟಿ, ರಕ್ತಪರೀಕ್ಷೆ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಬೇಕು. ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಂಡರೆ ವೈದ್ಯರ ಅರ್ಧ ಕೆಲಸ ಹಗುರ: ದಿನಕ್ಕೆ ಎಷ್ಟು (ಕ್ವಾರ್ಟರ್, ಟೆಟ್ರಾ ಪ್ಯಾಕ್ ಲೆಕ್ಕದಲ್ಲೇ ಹೇಳಿ, ಮುಚ್ಚಿಡಬೇಡಿ), ಕೊನೆಯ ಸಲ ಕುಡಿದಿದ್ದು ಯಾವಾಗ, ಹಿಂದೆ ಬಿಟ್ಟಾಗ ಏನಾಯಿತು, ಫಿಟ್ಸ್ ಬಂದಿತ್ತಾ, ತಲೆಗೆ ಪೆಟ್ಟು ಬಿದ್ದಿತ್ತಾ. ದಾರಿಯಲ್ಲಿ ನಡುಕ ಬರುತ್ತದೆಂದು ಕುಡಿಸಿಕೊಂಡು ಬಂದಿದ್ದರೆ ಅದನ್ನೂ ಹೇಳಿ. ಬೈಯುವುದಿಲ್ಲ, ಮಾತ್ರೆಯ ಪ್ರಮಾಣ ಅದರ ಮೇಲೆ ನಿಂತಿದೆ.

ಡಿಮ್ಹಾನ್ಸ್ ಮತ್ತು ಜಿಲ್ಲೆಯ ವಾರ್ಡುಗಳು

ಉತ್ತರ ಕರ್ನಾಟಕದವರು ಬೆಂಗಳೂರಿನ ರೈಲು ಹತ್ತುವ ಮುಂಚೆ ಧಾರವಾಡದ ಡಿಮ್ಹಾನ್ಸ್ ನೋಡಬೇಕು. ಸರ್ಕಾರಿ ಸಂಸ್ಥೆ, ಮಾನಸಿಕ ಆರೋಗ್ಯಕ್ಕೆಂದೇ ಇರುವ ಆಸ್ಪತ್ರೆ, ದೂರ ಕಡಿಮೆ, ಭಾಷೆಯೂ ನಿಮ್ಮದೇ. ಕುಟುಂಬದವರು ಆಗಾಗ ಬಂದುಹೋಗಲು ಆಗುವ ಜಾಗ ಇದ್ದರೆ, ಹೆಸರಿನಲ್ಲಿ ಒಂದು ಮೆಟ್ಟಿಲು ಕೆಳಗಿದ್ದರೂ ಅದನ್ನೇ ಆರಿಸಿಕೊಳ್ಳಿ.

ಅದಕ್ಕೂ ಹತ್ತಿರದ್ದು ಸರ್ಕಾರಿ ವೈದ್ಯಕೀಯ ಕಾಲೇಜುಗಳ ಮನೋವೈದ್ಯ ವಿಭಾಗ: ಮೈಸೂರಿನ ಕೆ.ಆರ್. ಆಸ್ಪತ್ರೆ, ಶಿವಮೊಗ್ಗದ ಮೆಗ್ಗಾನ್, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಳೆಯ ಕಿಮ್ಸ್). ಜನ ಇವುಗಳನ್ನು ‘ಡಿ-ಅಡಿಕ್ಷನ್’ ಎಂದು ಗುರುತಿಸುವುದೇ ಇಲ್ಲ, ಏಕೆಂದರೆ ಬೋರ್ಡಿನಲ್ಲಿ ಹಾಗೆ ಬರೆದಿರುವುದಿಲ್ಲ. ಮೊದಲ ಹತ್ತು ದಿನದ ಕೆಲಸವನ್ನು ಇವು ಚೆನ್ನಾಗಿಯೇ ಮಾಡುತ್ತವೆ. ಯಕೃತ್ತು ಕೈಕೊಟ್ಟರೆ ಪಕ್ಕದ ವಾರ್ಡಿನಲ್ಲೇ ಫಿಸಿಷಿಯನ್ ಸಿಗುತ್ತಾರೆ, ಯಾವ ರಿಹ್ಯಾಬಿನಲ್ಲೂ (ಪುನರ್ವಸತಿ ಕೇಂದ್ರದಲ್ಲೂ) ಇಲ್ಲದ ಅನುಕೂಲ ಅದು. ಕೊರತೆಯೆಂದರೆ ಕೌನ್ಸೆಲಿಂಗ್: ಸೋಷಿಯಲ್ ವರ್ಕರ್ ಒಬ್ಬರಿದ್ದರೆ ಪುಣ್ಯ. ನಡುಕ ನಿಂತ ಮೇಲೆ ದಿನವಿಡೀ ಮಾಡಲು ಏನೂ ಇಲ್ಲದೆ, ಐದನೆಯ ದಿನಕ್ಕೇ ‘ನಂಗೆ ಎಲ್ಲಾ ಸರಿಹೋಗಿದೆ’ ಎಂದು ಎದ್ದು ಹೊರಡುವವರು ಹೆಚ್ಚು. ಮನೆಯವರು ತಡೆಯಬೇಕಾದ ದಿನ ಅದು.

ದತ್ತಿ ಸಂಸ್ಥೆಗಳ ವೈದ್ಯಕೀಯ ಕಾಲೇಜುಗಳನ್ನೂ ಮರೆಯಬೇಡಿ. ಬೆಂಗಳೂರಿನ ಸೇಂಟ್ ಜಾನ್ಸ್, ಮಂಗಳೂರಿನ ಫಾದರ್ ಮುಲ್ಲರ್ಸ್‌ನಂಥ ಕಡೆ ಮನೋವೈದ್ಯ ವಿಭಾಗದ ಜನರಲ್ ವಾರ್ಡಿನ ದರ ಕೇಳಿ ನೋಡಿ, ಆಮೇಲೆ ಖಾಸಗಿ ರಿಹ್ಯಾಬಿನ ದರದ ಜೊತೆ ಹೋಲಿಸಿ.

ಅನುದಾನದ ಉಚಿತ ಕೇಂದ್ರಗಳು

ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ ಸ್ವಯಂಸೇವಾ ಸಂಸ್ಥೆಗಳಿಗೆ ಅನುದಾನ ಕೊಟ್ಟು ನಡೆಸುವ ಕೇಂದ್ರಗಳಿಗೆ ‘ಐಆರ್‌ಸಿಎ’ ಎನ್ನುತ್ತಾರೆ: ವ್ಯಸನಿಗಳ ಸಮಗ್ರ ಪುನರ್ವಸತಿ ಕೇಂದ್ರ. ಹೆಚ್ಚಾಗಿ 15 ಅಥವಾ 30 ಹಾಸಿಗೆಯ ಸಣ್ಣ ಜಾಗಗಳು. ಊಟ, ವಾಸ, ಔಷಧಿ, ಕೌನ್ಸೆಲಿಂಗ್ ಎಲ್ಲ ಆ ಅನುದಾನದಲ್ಲೇ ಬರುತ್ತದೆ, ರೋಗಿಯಿಂದ ಹಣ ಕೇಳುವಂತಿಲ್ಲ. ನಿಮ್ಮ ಜಿಲ್ಲೆಯಲ್ಲಿ ಈಗ ನಡೆಯುತ್ತಿರುವುದು ಯಾವುದು ಎಂದು ತಿಳಿಯಲು 14446ಕ್ಕೆ ಕರೆ ಮಾಡಿ, ಇದು ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ, ಉಚಿತ. ‘ಈಗ ನಡೆಯುತ್ತಿರುವುದು’ ಎಂದು ಒತ್ತಿ ಕೇಳುವುದಕ್ಕೆ ಕಾರಣವಿದೆ. ಅನುದಾನ ವರ್ಷವರ್ಷ ಮಂಜೂರಾಗಬೇಕು, ಹಣ ತಡವಾದಾಗ ಕೇಂದ್ರಗಳು ಸೊರಗುತ್ತವೆ, ಹಳೆಯ ಪಟ್ಟಿಯಲ್ಲಿದ್ದದ್ದು ಮುಚ್ಚಿರಬಹುದು. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸಿಬ್ಬಂದಿಗೆ ಸ್ಥಳೀಯ ಸ್ಥಿತಿ ಇನ್ನೂ ಚೆನ್ನಾಗಿ ಗೊತ್ತಿರುತ್ತದೆ.

ಗುಣಮಟ್ಟ ಕೇಂದ್ರದಿಂದ ಕೇಂದ್ರಕ್ಕೆ ಅಜಗಜಾಂತರ. ಒಳ್ಳೆಯದರಲ್ಲಿ ದಿನಚರಿ ಬಿಗಿಯಾಗಿರುತ್ತದೆ, ಕೌನ್ಸೆಲರ್ ಮನೆಯವರನ್ನು ವಾರಕ್ಕೊಮ್ಮೆ ಕರೆಸುತ್ತಾರೆ, ಬಿಟ್ಟುಹೋದವರಿಗೆ ಫೋನ್ ಮಾಡಿ ವಿಚಾರಿಸುತ್ತಾರೆ. ಸಾಧಾರಣದ್ದರಲ್ಲಿ ವೈದ್ಯರು ವಾರದಲ್ಲಿ ಕೆಲವು ಗಂಟೆ ಬಂದುಹೋಗುತ್ತಾರೆ, ರಾತ್ರಿ ಇರುವುದು ವಾರ್ಡ್ ಬಾಯ್ ಮಾತ್ರ. ಹಿಂದೆ ಫಿಟ್ಸ್ ಬಂದಿದ್ದವರನ್ನು ನೇರ ಇಲ್ಲಿಗೆ ಸೇರಿಸುವುದು ಸರಿಯಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಹತ್ತು ದಿನ, ಆಮೇಲೆ ಐಆರ್‌ಸಿಎಯಲ್ಲಿ ಒಂದು ತಿಂಗಳು. ಎರಡೂ ಪುಕ್ಕಟೆ ಅಥವಾ ಅದರ ಹತ್ತಿರ, ಮತ್ತು ಈ ಜೋಡಿ ಬಹಳ ಖಾಸಗಿ ಪ್ಯಾಕೇಜುಗಳಿಗಿಂತ ಗಟ್ಟಿ.

ಮದ್ಯವರ್ಜನ ಶಿಬಿರ

ಇದು ನಮ್ಮ ನಾಡಿನದೇ ವ್ಯವಸ್ಥೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರಿನ ಸಮಿತಿ ಕಟ್ಟಿ, ಸಭಾಭವನವನ್ನೋ ಕಲ್ಯಾಣ ಮಂಟಪವನ್ನೋ ಹಿಡಿದು ಎಂಟು ದಿನ ನಡೆಸುವ ವಸತಿ ಶಿಬಿರ. ಖರ್ಚನ್ನು ಹೆಚ್ಚಾಗಿ ಯೋಜನೆ ಮತ್ತು ಊರಿನವರು ಸೇರಿ ಹೊರುತ್ತಾರೆ. ಭಜನೆ, ಯೋಗ, ಮಾಹಿತಿ, ಕೊನೆಯ ದಿನಗಳಲ್ಲಿ ಹೆಂಡತಿ-ಮಕ್ಕಳನ್ನು ಎದುರು ಕೂರಿಸುವ ಕುಟುಂಬ ದಿನ.

ನಗರದ ಮನೋವೈದ್ಯರಲ್ಲಿ ಕೆಲವರು ಇದನ್ನು ಹಗುರವಾಗಿ ನೋಡುತ್ತಾರೆ. ನಮಗೆ ಹಾಗನ್ನಿಸುವುದಿಲ್ಲ. ನಮ್ಮ ಎರಡನೆಯ ಪ್ರಶ್ನೆಗೆ, ಅಂದರೆ ಆಮೇಲಿನ ಒಂದು ವರ್ಷಕ್ಕೆ, ರಾಜ್ಯದಲ್ಲಿ ಇಷ್ಟು ಒಳ್ಳೆಯ ಉತ್ತರ ಇನ್ನೊಂದಿಲ್ಲ. ಶಿಬಿರ ಮುಗಿದ ಮೇಲೆ ‘ನವಜೀವನ ಸಮಿತಿ’ ಇರುತ್ತದೆ. ಬಿಟ್ಟವರೆಲ್ಲ ಒಟ್ಟಿಗೆ ಸೇರುತ್ತಾರೆ, ಸಭೆಗೆ ಬಾರದವರ ಮನೆಗೆ ಹೋಗಿ ಕರೆಯುತ್ತಾರೆ. ಕುಡಿದವರನ್ನು ಹುಡುಕಿಕೊಂಡು ಹೋಗುವ ವ್ಯವಸ್ಥೆ ಯಾವ ಆಸ್ಪತ್ರೆಗೂ ಇಲ್ಲ.

ಮೊದಲ ಪ್ರಶ್ನೆಗೆ ಉತ್ತರ ಅಷ್ಟು ಗಟ್ಟಿಯಲ್ಲ. ಶಿಬಿರದಲ್ಲಿ ವೈದ್ಯರ ನೆರವು ಪಡೆಯುತ್ತಾರೆ, ಆದರೆ ಅದು ಆಸ್ಪತ್ರೆಯಲ್ಲ. ಹತ್ತಾರು ಜನ ಒಂದೇ ದಿನ ಕುಡಿತ ನಿಲ್ಲಿಸಿದಾಗ ಎರಡನೆಯ, ಮೂರನೆಯ ರಾತ್ರಿ ಯಾರಿಗೆ ಏನಾಗುತ್ತದೆ ಎಂಬುದನ್ನು ಕಾಯಲು ನರ್ಸು ಬೇಕು. ಫಿಟ್ಸ್, ಸನ್ನಿ, ಕಾಮಾಲೆಯ ಇತಿಹಾಸವಿದ್ದರೆ ಮೊದಲೇ ಹೇಳಿ. ಮುಚ್ಚಿಟ್ಟು ಸೇರಿಸಿದರೆ ಅಪಾಯ ರೋಗಿಗೇ. ಮದ್ಯ ಬಿಟ್ಟು ಬೇರೆ ಡ್ರಗ್ಸ್‌ಗೆ ಈ ಶಿಬಿರ ಅಲ್ಲ. ಇದು ಗಂಡಸರ ಶಿಬಿರವೂ ಹೌದು, ಹೆಂಗಸರಿಗೆ ಇದು ದಾರಿಯಲ್ಲ. ಭಜನೆ ಬೇಡವೆನ್ನುವವರು, ಬೇರೆ ಧರ್ಮದವರು ಅಲ್ಲಿನ ವಾತಾವರಣ ತಮಗೆ ಒಗ್ಗುತ್ತದಾ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಖಾಸಗಿ ಕೇಂದ್ರಗಳು

ತಿಂಗಳಿಗೆ ಹತ್ತು-ಹದಿನೈದು ಸಾವಿರದಿಂದ ಲಕ್ಷ ದಾಟುವವರೆಗೆ ದರಗಳಿವೆ. ದರಕ್ಕೂ ಚಿಕಿತ್ಸೆಗೂ ಸಂಬಂಧ ಸಡಿಲ. ಲಕ್ಷದ ಕಡೆ ಸಿಗುವುದು ಹೆಚ್ಚಾಗಿ ಒಂಟಿ ಕೋಣೆ, ಈಜುಕೊಳ, ಒಳ್ಳೆಯ ಊಟ. ಹದಿನೈದು ಸಾವಿರದ ಕಡೆ, ಎಲ್ಲವೂ ಅಲ್ಲದಿದ್ದರೂ ಕೆಲವು, ಬಾಡಿಗೆ ಮನೆಯ ಹಾಲಿನಲ್ಲಿ ಮೂವತ್ತು ಜನರನ್ನು ಕೂಡಿಟ್ಟು ಬೀಗ ಹಾಕಿರುವಂಥವು. ಹೇಳಿದ ದರದಲ್ಲಿ ಏನೇನು ಸೇರಿದೆ ಎಂದು ಬಿಡಿಸಿ ಕೇಳಿ: ಮನೋವೈದ್ಯರ ಭೇಟಿ, ಔಷಧಿ, ರಕ್ತಪರೀಕ್ಷೆ, ಕರೆದೊಯ್ಯುವ ಗಾಡಿ, ಮುಂಗಡ, ಮಧ್ಯದಲ್ಲಿ ಬಿಟ್ಟರೆ ವಾಪಸಾತಿ. ಮೂರು ತಿಂಗಳ ಹಣ ಒಟ್ಟಿಗೆ ಕೇಳುವವರಿಗೆ ರೋಗಿ ಬೇಗ ಸುಧಾರಿಸುವುದರಲ್ಲಿ ಲಾಭವಿಲ್ಲ. ತಿಂಗಳು ತಿಂಗಳಿಗೆ ಕಟ್ಟುತ್ತೇವೆ ಎನ್ನಿ, ಒಪ್ಪದಿದ್ದರೆ ಬಿಡಿ.

ಕಾನೂನು ಇಲ್ಲಿ ಕೆಲಸಕ್ಕೆ ಬರುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕವಸ್ತುಗಳಿಂದಾಗುವ ಮಾನಸಿಕ ಸ್ಥಿತಿಗಳನ್ನೂ ಒಳಗೊಂಡಿದೆ. ಇಂಥ ರೋಗಿಗಳನ್ನು ಇಟ್ಟುಕೊಳ್ಳುವ ಕೇಂದ್ರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿರಬೇಕು. ಆ ಪ್ರಮಾಣಪತ್ರವನ್ನೇ ತೋರಿಸಲು ಹೇಳಿ. ಟ್ರಸ್ಟಿನ ನೋಂದಣಿ, ಐಎಸ್‌ಒ ಸರ್ಟಿಫಿಕೇಟು, ಮಂತ್ರಿಗಳ ಜೊತೆಗಿನ ಫೋಟೊ ಇದಕ್ಕೆ ಬದಲಿಯಲ್ಲ. ತಾನಾಗಿ ಸೇರಿದ ರೋಗಿ ಬಿಡಿ ಎಂದರೆ ಬಿಡಬೇಕು, ತೀರಾ ಅಪಾಯವಿದೆ ಅನ್ನಿಸಿದರೆ ಪರೀಕ್ಷಿಸಲು 24 ಗಂಟೆ ಇಟ್ಟುಕೊಳ್ಳಬಹುದು. ರೋಗಿಯ ಒಪ್ಪಿಗೆಯಿಲ್ಲದೆ ನಾಮನಿರ್ದೇಶಿತ ಪ್ರತಿನಿಧಿಯ (ರೋಗಿಯ ಪರವಾಗಿ ನಿರ್ಧರಿಸಲು ಗೊತ್ತಾದವರ) ಅರ್ಜಿಯ ಮೇಲೆ ಸೇರಿಸುವುದಾದರೆ ಇಬ್ಬರು ತಜ್ಞರು, ಅವರಲ್ಲಿ ಒಬ್ಬರು ಮನೋವೈದ್ಯರು, ಬೇರೆಬೇರೆಯಾಗಿ ಪರೀಕ್ಷಿಸಿರಬೇಕು, ಅವಧಿ 30 ದಿನ. ಅದಕ್ಕೂ ಮೇಲೆ ಇಡಬೇಕಾದರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಒಪ್ಪಿಗೆ ಬೇಕು. ‘ಆರು ತಿಂಗಳು ಹೊರಗೆ ಬಿಡಲ್ಲ, ಗ್ಯಾರಂಟಿ’ ಎಂಬ ಭರವಸೆ ಈ ಲೆಕ್ಕದಲ್ಲಿ ಕಾನೂನು ಮುರಿಯುವ ಭರವಸೆ.

‘ಪಿಕಪ್’ ಎನ್ನುವ ಸೇವೆಯ ಬಗ್ಗೆ ಎಚ್ಚರ. ರಾತ್ರಿ ನಾಲ್ಕು ಜನ ಬಂದು ಕೈಕಾಲು ಹಿಡಿದು ಗಾಡಿಗೆ ಹಾಕಿಕೊಂಡು ಹೋಗುತ್ತಾರೆ, ಅದಕ್ಕೆ ಬೇರೆ ಬಿಲ್ಲು. ದಾರಿಯಲ್ಲಿ ಏನು ಇಂಜೆಕ್ಷನ್ ಕೊಟ್ಟರು ಎನ್ನುವುದಕ್ಕೆ ದಾಖಲೆ ಇರುವುದಿಲ್ಲ. ಹೊಟ್ಟೆಯಲ್ಲಿ ಮದ್ಯ ಇರುವಾಗ ನಿದ್ದೆ ಇಂಜೆಕ್ಷನ್ ಕೊಟ್ಟರೆ ಉಸಿರು ನಿಲ್ಲಬಹುದು. ಮನೆಯವರ ಮೇಲೆ ಹುಟ್ಟುವ ಸಿಟ್ಟು ವರ್ಷಗಟ್ಟಲೆ ಉಳಿಯುತ್ತದೆ, ಹೊರಬಂದ ದಿನವೇ ಕುಡಿಯಲು ಅದೇ ನೆಪವಾಗುತ್ತದೆ. ನಿಜವಾಗಿ ಜೀವಕ್ಕೆ ಅಪಾಯವಿದ್ದರೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೇ ಕರೆದೊಯ್ಯಿರಿ.

ಸೇರಿಸುವ ಮುಂಚೆ ಹಗಲಿನಲ್ಲಿ, ಹೇಳದೆ ಒಮ್ಮೆ ಹೋಗಿ. ಒಳಗಿರುವವರ ಜೊತೆ ಸಿಬ್ಬಂದಿ ಇಲ್ಲದೆ ಐದು ನಿಮಿಷ ಮಾತಾಡಲು ಬಿಡುತ್ತಾರಾ? ತಲೆ ಬೋಳಿಸಿದ್ದಾರಾ? ಒತ್ತಾಯದ ಮುಂಡನ, ಒತ್ತಾಯದ ಸಮವಸ್ತ್ರ, ಕೂಲಿಯಿಲ್ಲದೆ ದುಡಿಸುವುದು, ಒಂಟಿ ಕೋಣೆಯಲ್ಲಿ ಕೂಡಿಹಾಕುವುದು, ಸರಪಳಿ ಎಲ್ಲವನ್ನೂ ಈ ಕಾಯ್ದೆ ನಿಷೇಧಿಸಿದೆ. ಹಳೆಯ ರೋಗಿಗಳೇ ‘ವಾರ್ಡನ್’ ಆಗಿ ಹೊಸಬರನ್ನು ಹೊಡೆಯುವ ಪದ್ಧತಿ ಕೆಲವು ಕಡೆ ಇದೆ. ಅಡುಗೆಮನೆ, ಕಕ್ಕಸು ಯಾರು ತೊಳೆಯುತ್ತಾರೆ ಎಂದು ಕೇಳಿದರೆ ಸುಳಿವು ಸಿಗುತ್ತದೆ. ಮೊದಲ ಹದಿನೈದು ದಿನ ಫೋನೂ ಇಲ್ಲ, ಭೇಟಿಯೂ ಇಲ್ಲ ಎನ್ನುವ ಕಡೆ ಸೇರಿಸಬೇಡಿ. ಮೈಮೇಲೆ ಗಾಯ ಕಾಣುವುದು ಆ ಹದಿನೈದು ದಿನದಲ್ಲೇ. ಒಳಗಿರುವವರಿಗೆ ತೊಂದರೆಯಾಗಿದೆ ಅನ್ನಿಸಿದರೆ ಪರಿಶೀಲನಾ ಮಂಡಳಿಗೆ ಅರ್ಜಿ ಹಾಕಬಹುದು, ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100 ಇದೆ.

ಇಷ್ಟೆಲ್ಲ ಹೇಳಿದ ಮೇಲೂ, ಒಳ್ಳೆಯ ಖಾಸಗಿ ಕೇಂದ್ರಗಳು ಇಲ್ಲವೆಂದಲ್ಲ. ಜೊತೆಗಿರಲು ಮನೆಯಲ್ಲಿ ಯಾರೂ ಇಲ್ಲದವರಿಗೆ, ಮದ್ಯದ ಜೊತೆ ಬೈಪೋಲಾರ್‌ನಂಥ ಕಾಯಿಲೆಯೂ ಇದ್ದು ದೀರ್ಘ ನಿಗಾ ಬೇಕಾದವರಿಗೆ ಅವೇ ದಾರಿ. ಆಗಲೂ ಮನೋವೈದ್ಯರ ಹೆಸರು, ಅವರ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ, ವಾರಕ್ಕೆ ಎಷ್ಟು ದಿನ ಬರುತ್ತಾರೆ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಡ್ರಗ್ಸ್ ಆದರೆ

ಗಾಂಜಾ ಒಂದೇ ಆಗಿದ್ದು ಭ್ರಮೆ-ಅನುಮಾನಗಳಿಲ್ಲದಿದ್ದರೆ ಬಹಳ ಮಂದಿಗೆ ಓಪಿಡಿ ಸಾಕು. ಕಾಲೇಜು ಹುಡುಗನ ಜೇಬಿನಲ್ಲಿ ಗಾಂಜಾ ಸಿಕ್ಕಿತೆಂದು ಆರು ತಿಂಗಳು ರಿಹ್ಯಾಬಿಗೆ ಹಾಕುವುದು ಓದು ಕೆಡಿಸುವ ದುಬಾರಿ ದಾರಿ. ಹೆರಾಯಿನ್, ಟಪೆಂಟಡಾಲ್‌ನಂಥ ನೋವಿನ ಮಾತ್ರೆಗಳ ಕತೆ ಬೇರೆ. ಅದಕ್ಕೆ ಬುಪ್ರೆನಾರ್ಫಿನ್ ಅಥವಾ ಮೆಥಡೋನ್ ಮೇಲೆ ತಿಂಗಳು-ವರ್ಷ ಇಡುವ ಚಿಕಿತ್ಸೆ ಇದೆ, ಅದು ಕೆಲಸ ಮಾಡುತ್ತದೆ. ‘ನಾವು ಔಷಧಿ ಕೊಡಲ್ಲ, ಎಲ್ಲಾ ನ್ಯಾಚುರಲ್’ ಎನ್ನುವ ಕೇಂದ್ರ ಇವರಿಗೆ ಅಪಾಯಕಾರಿ. ಒಳಗಿದ್ದಷ್ಟು ದಿನ ಮುಟ್ಟದೆ ಮೈಯ ತಾಳಿಕೆ ಇಳಿದಿರುತ್ತದೆ. ಹೊರಬಂದು ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಂತು ಸಾಯುತ್ತಾರೆ. ಡಿಸ್ಚಾರ್ಜ್ ಆದ ಮೊದಲ ಎರಡು ವಾರ ಇದಕ್ಕೇ ಹೆಚ್ಚು ಅಪಾಯದ್ದು.

ಪೊಲೀಸರ ಭಯದಿಂದ ಆಸ್ಪತ್ರೆಗೆ ಹೋಗದವರಿಗೆ ಒಂದು ಮಾತು. ಮಾದಕವಸ್ತು ಕಾಯ್ದೆಯ 64ಎ ವಿಧಿ, ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪವಿರುವ ವ್ಯಸನಿ ಸ್ವಯಂ ಚಿಕಿತ್ಸೆಗೆ ಹೋಗಿ ಅದನ್ನು ಪೂರ್ಣಗೊಳಿಸಿದರೆ ಮೊಕದ್ದಮೆಯಿಂದ ವಿನಾಯಿತಿ ಕೊಡುತ್ತದೆ. ಅರ್ಧಕ್ಕೆ ಬಿಟ್ಟರೆ ಅದು ಹೋಗುತ್ತದೆ.

ವಿಮೆ, ಗಡಿಯಾಚೆ, ಪುಡಿ

ಆರೋಗ್ಯ ವಿಮೆ ನಂಬಿಕೊಂಡು ಖಾಸಗಿಗೆ ಹೋಗಬೇಡಿ. ಪಾಲಿಸಿ ಪುಸ್ತಕದಲ್ಲಿ ‘ಎಕ್ಸ್‌ಕ್ಲ್ 12’ ಎಂಬ ಕೋಡ್ ಹುಡುಕಿ: ಮದ್ಯ, ಮಾದಕವಸ್ತು ವ್ಯಸನದ ಚಿಕಿತ್ಸೆ ಮತ್ತು ಅದರ ಪರಿಣಾಮಗಳಿಗೆ ಹಣ ಕೊಡುವುದಿಲ್ಲ ಎನ್ನುವ ಷರತ್ತು ಅದು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡು ಇದ್ದರೆ ಸರ್ಕಾರಿ ಆಸ್ಪತ್ರೆಯ ಆರೋಗ್ಯ ಮಿತ್ರ ಕೌಂಟರಿನಲ್ಲಿ ಈ ಚಿಕಿತ್ಸೆ ಅದರಲ್ಲಿ ಬರುತ್ತದಾ ಎಂದು ಅಡ್ಮಿಟ್ ಆಗುವ ಮುಂಚೆ ಕೇಳಿ, ಆಮೇಲೆ ಅಲ್ಲ.

ಬೆಳಗಾವಿ, ಬೀದರ್ ಕಡೆಯ ಮರಾಠಿ ಬಲ್ಲವರಿಗೆ ಪುಣೆಯ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರ ಒಳ್ಳೆಯ ಆಯ್ಕೆ. 1986ರಲ್ಲಿ ಅನಿಲ್ ಮತ್ತು ಸುನಂದಾ ಅವಚಟ್ ದಂಪತಿ ಶುರುಮಾಡಿದ್ದು, ಹೆಂಗಸರಿಗೂ ವಿಭಾಗವಿದೆ. ತಮಿಳು ಬಲ್ಲವರಿಗೆ ಚೆನ್ನೈನ ಟಿಟಿಕೆ ಆಸ್ಪತ್ರೆ: 1980ರಲ್ಲಿ ಶಾಂತಿ ರಂಗನಾಥನ್ ಕಟ್ಟಿದ್ದು, ಕುಟುಂಬದವರಿಗೇ ಬೇರೆ ಕಾರ್ಯಕ್ರಮ ನಡೆಸುವುದು ಅದರ ವೈಶಿಷ್ಟ್ಯ. ಕನ್ನಡ ಮಾತ್ರ ಬಲ್ಲವರನ್ನು ಎರಡು ಕಡೆಗೂ ಕಳಿಸಬೇಡಿ. ಚಿಕಿತ್ಸೆಯ ಮುಕ್ಕಾಲು ಪಾಲು ಮಾತೇ.

ಬಸ್ ಸ್ಟ್ಯಾಂಡಿನ ಗೋಡೆಯ ‘ಗೊತ್ತಾಗದಂತೆ ಕುಡಿತ ಬಿಡಿಸುವ ಪುಡಿ’ ಕೊಳ್ಳಬೇಡಿ. ಅದರಲ್ಲಿ ಡೈಸಲ್ಫಿರಾಮ್ (ಮದ್ಯ ಮುಟ್ಟಿದರೆ ಮೈ ಕೆಡುವಂತೆ ಮಾಡುವ ಮದ್ದು) ಬೆರೆಸಿದ್ದರೆ, ಗೊತ್ತಿಲ್ಲದೆ ಅದರ ಮೇಲೆ ಕುಡಿದವರ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ಅದೇ ಡೈಸಲ್ಫಿರಾಮ್, ರೋಗಿಯೇ ಒಪ್ಪಿ, ವೈದ್ಯರು ಬರೆದುಕೊಟ್ಟು, ಮನೆಯವರ ಎದುರು ದಿನಾ ಬೆಳಿಗ್ಗೆ ನುಂಗಿದರೆ ಅತಿ ಅಗ್ಗದ, ಒಳ್ಳೆಯ ಮದ್ದು. ನುಂಗುತ್ತಿರುವಾಗ ಆಲ್ಕೋಹಾಲ್ ಇರುವ ಕೆಮ್ಮಿನ ಸಿರಪ್ಪು, ಆಸವ-ಅರಿಷ್ಟಗಳೂ ವರ್ಜ್ಯ. ನಿಲ್ಲಿಸಿದ ಮೇಲೂ ಎರಡು ವಾರ ಅದರ ಪರಿಣಾಮ ಇರುತ್ತದೆ. ಯಕೃತ್ತು, ಹೃದಯ ಸರಿಯಿಲ್ಲದವರಿಗೆ ಇದು ಆಗದು. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಬೇರೆ ದಾರಿಗಳು, ಯಕೃತ್ತು ತೀರಾ ಕೆಟ್ಟಿದ್ದರೆ ನಾಲ್ಟ್ರೆಕ್ಸೋನ್ ಕೂಡ ಆಗದು. ಅಕಾಂಪ್ರೊಸೇಟ್ ಯಕೃತ್ತಿಗೆ ಹಗುರ, ಮೂತ್ರಪಿಂಡ ಸರಿಯಿರಬೇಕು. ಬೆಲೆ ಜಾಸ್ತಿ, ಸರ್ಕಾರಿ ಔಷಧಾಲಯದಲ್ಲಿ ಸಿಗುತ್ತದಾ ಎಂದು ಮೊದಲು ನೋಡಿ.

ಮನೆಗೆ ಬಂದ ಮೇಲೆ

ಏಮ್ಸ್ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದವರಲ್ಲಿ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿತ್ತು, ಒಳರೋಗಿ ಚಿಕಿತ್ಸೆ 180ರಲ್ಲಿ ಒಬ್ಬರಿಗೆ. ಇಷ್ಟು ಕಷ್ಟಪಟ್ಟು ಸಿಕ್ಕ ಹಾಸಿಗೆಯ ಫಲ ಹೆಚ್ಚಿನವರು ಕಳೆದುಕೊಳ್ಳುವುದು ಮೊದಲ ಮೂರು ತಿಂಗಳಲ್ಲಿ, ಮಾತ್ರೆ ಮುಗಿದಾಗ, ‘ಇನ್ನು ಬೇಡ’ ಅನ್ನಿಸಿದಾಗ.

ಆ ಮೂರು ತಿಂಗಳಿಗೆ ಬೇಕಾದ್ದು ಬಹುತೇಕ ಪುಕ್ಕಟೆ. ಕುಡಿತ ಬಿಟ್ಟವರೇ ಸೇರಿ ನಡೆಸುವ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳಿಗೆ ಶುಲ್ಕವಿಲ್ಲ, ಕನ್ನಡದಲ್ಲೂ ನಡೆಯುತ್ತವೆ, ಮನೆಯವರಿಗೆ ಅಲ್-ಅನಾನ್ ಇದೆ. ರಾತ್ರಿ ಹೊತ್ತು ತಳಮಳವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ನಿಗದಿತ ಮಂಗಳವಾರ ಮನೋವೈದ್ಯರು ಬರುತ್ತಾರೆ, ನಿಮ್ಮ ತಾಲ್ಲೂಕಿನ ಮಂಗಳವಾರ ಯಾವುದೆಂದು ಆಸ್ಪತ್ರೆಯಲ್ಲಿ ಕೇಳಿಟ್ಟುಕೊಳ್ಳಿ. ಹಾಗೆ ಮಾಡಿದರೆ ಪ್ರತಿ ತಿಂಗಳು ಬೆಂಗಳೂರಿಗೋ ಧಾರವಾಡಕ್ಕೋ ಓಡುವುದು ತಪ್ಪುತ್ತದೆ.

ಅದಕ್ಕೆ ಡಿಸ್ಚಾರ್ಜ್ ಚೀಟಿ ಸರಿಯಾಗಿರಬೇಕು. ಹೊರಡುವ ಮುಂಚೆ ಅದರಲ್ಲಿ ಕಾಯಿಲೆಯ ಹೆಸರು, ಕೊಟ್ಟ ಔಷಧಿಗಳು, ಮುಂದುವರಿಸಬೇಕಾದ ಮಾತ್ರೆ ಮತ್ತು ಎಷ್ಟು ದಿನ, ಯಕೃತ್ತಿನ ಪರೀಕ್ಷೆಯ ಫಲಿತಾಂಶ, ಮುಂದಿನ ತಾರೀಕು ಬರೆದಿದೆಯಾ ನೋಡಿ. ಖಾಸಗಿ ಕೇಂದ್ರ ಬರೀ ‘ಪ್ರೋಗ್ರಾಂ ಮುಗಿಸಿದ್ದಾರೆ’ ಎಂಬ ಸರ್ಟಿಫಿಕೇಟು ಕೊಟ್ಟರೆ ಒಪ್ಪಬೇಡಿ. ವೈದ್ಯಕೀಯ ದಾಖಲೆ ಪಡೆಯುವುದು ರೋಗಿಯ ಹಕ್ಕು. ಚೀಟಿಯ ಫೋಟೊ ಇಬ್ಬರ ಫೋನಿನಲ್ಲಿರಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ಅದನ್ನು ತೋರಿಸಿದರೆ ಇದ್ದ ಮಾತ್ರೆ ಮುಂದುವರಿಸುತ್ತಾರೆ, ಇಲ್ಲದಿದ್ದರೆ ಎಲ್ಲ ಮೊದಲಿನಿಂದ ಕೇಳಿ ಬರೆಯಬೇಕು, ಅಷ್ಟರಲ್ಲಿ ಒಂದು ಮಂಗಳವಾರ ಕೈತಪ್ಪಿರುತ್ತದೆ.